ಕ್ಷೇತ್ರಕಾರ್ಯದ ಅಳಲನ್ನು ವಾಟ್ಸಾಪ್ ಗುಂಪಿನಲ್ಲಿ ತೋಡಿಕೊಳ್ಳಬಹುದೇ?

ಪ್ರಶ್ನೆ: ಮುಂಬೈಯಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ವಾರಕ್ಕೆರಡು ದಿನ ಕ್ಷೇತ್ರಕಾರ್ಯ, ಅಂದರೆ ಕಷ್ಟದಲ್ಲಿರುವವರ ಮನೆಗಳಿಗೆ ಹೋಗಿ ಬರುವುದು. ಕಂಡದ್ದನ್ನೆಲ್ಲ ಒಳಗೇ ಇಟ್ಟುಕೊಂಡರೆ ನಿದ್ದೆ ಹತ್ತುವುದಿಲ್ಲ. ಕನ್ನಡ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಳ್ಳುತ್ತೇನೆ. ತಪ್ಪೇ?

ಉತ್ತರ: ನಿಮ್ಮ ದಣಿವು, ಸಿಟ್ಟು, ಅಳು ನಿಮ್ಮ ಸ್ವತ್ತು. ಧಾರಾಳವಾಗಿ ಹೇಳಿಕೊಳ್ಳಿ. ಆ ಮನೆಯವರ ಕಥೆ ಮಾತ್ರ ನಿಮ್ಮದಲ್ಲ.

ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಇದೇ ಮುಂಬೈಯಲ್ಲಿ ಶುರುವಾಯಿತು. ಇಂದು ದೇವನಾರದಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದು. ಮಾರ್ಗದರ್ಶಕರ ಎದುರು ಕೂತು ಕ್ಷೇತ್ರದ ಅನುಭವವನ್ನು ಬಿಡಿಸಿ ಹೇಳುವುದು ಈ ಓದಿನ ಭಾಗವೇ. ಆದರೆ ಅಂಕ ಕೊಡುವವರ ಮುಂದೆ ‘ನನಗೆ ಹೆದರಿಕೆಯಾಯಿತು’ ಎನ್ನಲು ನಾಲಿಗೆ ಏಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಜೊತೆಯವಳೊಬ್ಬಳು ‘ಮೊದಲ ತಿಂಗಳು ನನಗೂ ಹೀಗೇ ಆಗಿತ್ತು’ ಎಂದು ಬರೆದರೆ ಅರ್ಧ ಭಾರ ಇಳಿಯುತ್ತದೆ. ಇಂಥ ಗುಂಪು ಬೇಕೇ ಬೇಕು.

ಎಡವುವುದು ಎಲ್ಲಿ ಎಂದರೆ, ‘ಇಂಡಿ ಕಡೆಯವರು, ನಾಕಾದಲ್ಲಿ (ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಕೂಡುರಸ್ತೆಯಲ್ಲಿ) ಗಾರೆ ಕೆಲಸ, ಗಂಡ ಕುಡಿದು ಮಗಳ ಪುಸ್ತಕ ಸುಟ್ಟ’ ಎಂದು ಬರೆಯುವಲ್ಲಿ. ಹೆಸರು ಹಾಕಿಲ್ಲವಲ್ಲ ಎನ್ನುತ್ತೀರಿ. ಆದರೆ ಇಬ್ಬರು ಕನ್ನಡಿಗರು ಮುಂಬೈಯಲ್ಲಿ ಎದುರಾದರೆ ಮೊದಲು ಕೇಳುವುದೇ ‘ನಿಮ್ಮ ಊರು ಯಾವುದು?’ ಎಂದು. ಗುಂಪಿನವರೊಬ್ಬರ ಸೋದರಮಾವ ಅದೇ ನಾಕಾದ ಮೇಸ್ತ್ರಿ ಆಗಿದ್ದರೆ, ಬೆಳಗಾಗುವುದರೊಳಗೆ ಆ ಹೆಂಗಸು ಯಾರೆಂದು ಗೊತ್ತಾಗಿರುತ್ತದೆ. ಊರು, ಕಸುಬು, ಸುಟ್ಟ ಪುಸ್ತಕ ಎಲ್ಲವನ್ನೂ ಬಿಟ್ಟು, ‘ಇವತ್ತು ಒಂದು ಮನೆಯಲ್ಲಿ ನನಗೆ ಮಾತೇ ಹೊರಡಲಿಲ್ಲ. ಎದ್ದು ಬರಬೇಕಿತ್ತೇ, ಸುಮ್ಮನೆ ಕೂರಬೇಕಿತ್ತೇ?’ ಎಂದು ಬರೆದು ನೋಡಿ. ನಿಮಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಗುತ್ತದೆ. ವರದಿಯ ಪುಟದ ಫೋಟೊ ಕಳಿಸಲೇಬೇಡಿ. ಧ್ವನಿ ಸಂದೇಶವೂ ಬೇಡ. ಲೋಕಲ್ ರೈಲಿನಲ್ಲಿ ಯಾರಾದರೂ ಅದನ್ನು ಸ್ಪೀಕರಿಗೆ ಹಾಕಿಯೇ ಹಾಕುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಗುಂಪಿನ ಅಭಿಪ್ರಾಯ ಕೇಳುತ್ತ ಕೂರುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದುಬಂದರೆ, ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಕಡ್ಡಾಯ ಮಾಡಿದೆ. ವಿದ್ಯಾರ್ಥಿಗೂ ವಿನಾಯಿತಿ ಇಲ್ಲ. ಆ ಗಳಿಗೆಯಲ್ಲೇ ಮಾರ್ಗದರ್ಶಕರಿಗೆ ಫೋನ್ ಮಾಡಿ.

ನಿದ್ದೆಯ ಮಾತು ಎತ್ತಿದ್ದೀರಿ. ನಾಲ್ಕು ದಿನದ್ದಾದರೆ ಗೆಳತಿಯರು ಸಾಕು. ವಾರಗಟ್ಟಲೆ ಹೀಗೇ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ.