ಹೆಡ್‌ಫೋನ್ ಚುಚ್ಚಿದ ಕೂಡಲೇ ಸ್ವರ ಒಡೆಯುವುದೇಕೆ?

ಪ್ರಶ್ನೆ: ಡಾಟ್ ಬೋರ್ಡಿನಲ್ಲಿ 9 ವೋಲ್ಟ್ ಬ್ಯಾಟರಿಯ ಹೆಡ್‌ಫೋನ್ ಆಂಪ್ಲಿಫೈಯರ್ ಮಾಡಿದ್ದೇನೆ. ಇದು ನನ್ನ ಮೊದಲ ಪ್ರಯತ್ನ. ನಕ್ಷೆಯಲ್ಲಿ ಓಪಿಎ2134 ಐಸಿ ಇತ್ತು. ಕಾಸರಗೋಡಿನಲ್ಲಿ ಸಿಗಲಿಲ್ಲ, ಅಂಗಡಿಯವರು ಎನ್‌ಇ5532 ಕೊಟ್ಟರು, ಅದನ್ನೇ ಹಾಕಿದೆ. ಮಲ್ಟಿಮೀಟರಿನಲ್ಲಿ ನೋಡಿದರೆ ಬ್ಯಾಟರಿ ಸರಿಯಾಗಿ 4.5 ಮತ್ತು 4.5 ಆಗಿ ಭಾಗವಾಗಿದೆ. ಆದರೆ ಹೆಡ್‌ಫೋನ್ ಚುಚ್ಚಿದರೆ ‘ಟಕ್’ ಎನ್ನುತ್ತದೆ. ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿದರೆ ಭಾಗವತರು ಏರುಸ್ವರಕ್ಕೆ ಹೋದಲ್ಲೆಲ್ಲ ಒಡೆಯುತ್ತದೆ. ಐಸಿ ಹಾಳೋ, ನನ್ನ ಸೋಲ್ಡರಿಂಗ್ ಹಾಳೋ? (ನೀರ್ಚಾಲಿನ ಓದುಗರು)

ಉತ್ತರ: ಹೆಚ್ಚಾಗಿ ಎರಡೂ ಹಾಳಾಗಿಲ್ಲ. ನಿಮ್ಮ ನಕ್ಷೆ ಚು ಮೊಯ್ ಅವರ ಪ್ರಸಿದ್ಧ ಜೇಬು ಆಂಪ್‌ನದ್ದು. ಜನ ಅದನ್ನು ಸಿಮೊಯ್ ಎಂದೇ ಕರೆಯುತ್ತಾರೆ. ಆ ನಕ್ಷೆಯ ರೆಸಿಸ್ಟರ್, ಕೆಪಾಸಿಟರುಗಳ ಅಳತೆಗಳೆಲ್ಲ ಓಪಿಎ2134ರಂಥ ಐಸಿಗೆ ಲೆಕ್ಕ ಹಾಕಿದವು. ಎಂಟು ಕಾಲುಗಳೂ ಅದೇ ಕ್ರಮದಲ್ಲಿರುವುದರಿಂದ ಎನ್‌ಇ5532 ಅದೇ ಸಾಕೆಟಿಗೆ ಕೂರುತ್ತದೆ, ಆದರೆ ಅದರ ಒಳಗುಣ ಬೇರೆ. ಐಸಿಯನ್ನು ಬದಲಿಸದೆ, ಎರಡು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರನ್ನು ಎರಡೂ ಕಿವಿಗೆ ಬದಲಿಸಿದರೆ ಸರಿಯಾಗುತ್ತದೆ.

ವ್ಯತ್ಯಾಸ ಇರುವುದು ಇನ್‌ಪುಟ್ ಕಾಲಿನಲ್ಲಿ. ಓಪಿಎ2134ರ ಇನ್‌ಪುಟ್‌ನಲ್ಲಿ ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್ ಇದೆ, ಅದು ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ: ಸಾಧಾರಣ 5 ಪಿಕೋಆಂಪಿಯರ್. ಎನ್‌ಇ5532ರ ಇನ್‌ಪುಟ್‌ನಲ್ಲಿ ಮಾಮೂಲಿ ಟ್ರಾನ್ಸಿಸ್ಟರ್ ಇದೆ, ಅದಕ್ಕೆ ಸಾಧಾರಣ 200 ನ್ಯಾನೋಆಂಪಿಯರ್ ಬೇಕು. ಈ ಕರೆಂಟ್ ನಿಮ್ಮ ಬೋರ್ಡಿನಲ್ಲಿ 3 ಮತ್ತು 5ನೇ ಕಾಲಿನಿಂದ ಗ್ರೌಂಡಿಗೆ ಹೋಗುವ 100 ಕಿಲೋಓಮ್ ರೆಸಿಸ್ಟರಿನ ಮೂಲಕವೇ ಬರಬೇಕು. 200 ನ್ಯಾನೋಆಂಪಿಯರನ್ನು 100 ಕಿಲೋಓಮಿಂದ ಗುಣಿಸಿದರೆ 20 ಮಿಲಿವೋಲ್ಟ್. ಅಷ್ಟಕ್ಕೇ ನಿಂತಿದ್ದರೆ ತೊಂದರೆ ಇರಲಿಲ್ಲ. ಆದರೆ 10 ಕಿಲೋಓಮ್ ಮತ್ತು 1 ಕಿಲೋಓಮ್ ಸೇರಿ ನಿಮ್ಮ ಆಂಪ್‌ನ ಗೇನ್ 11. ಹಾಡನ್ನು 11 ಪಟ್ಟು ಮಾಡುವ ಸರ್ಕ್ಯೂಟು ಈ 20 ಮಿಲಿವೋಲ್ಟನ್ನೂ 11 ಪಟ್ಟು ಮಾಡುತ್ತದೆ. ಹಾಡು ಇಲ್ಲದಾಗಲೂ ಔಟ್‌ಪುಟ್‌ನಲ್ಲಿ 220 ಮಿಲಿವೋಲ್ಟ್ ಡಿಸಿ, ಅಂದರೆ ಏರಿಳಿತವಿಲ್ಲದ ವೋಲ್ಟೇಜ್, ನಿಂತಿರುತ್ತದೆ. ನೀವು ಕೇಳಿದ ‘ಟಕ್’ ಅದರದ್ದೇ.

ಸ್ವರ ಒಡೆಯುವುದು ಇದರ ಮುಂದಿನ ಹೆಜ್ಜೆ. ನಿಮ್ಮ ಗ್ರೌಂಡ್ ನಿಜವಾದ ಗ್ರೌಂಡ್ ಅಲ್ಲ, ಎರಡು 4.7 ಕಿಲೋಓಮ್ ರೆಸಿಸ್ಟರ್ ಸೇರಿ ಬ್ಯಾಟರಿಯ ನಡುವೆ ಮಾಡಿಕೊಂಡ ಒಂದು ಬಿಂದು. ಅದಕ್ಕೆ ಒಂದೆರಡು ಮಿಲಿಆಂಪಿಯರಿಗಿಂತ ಹೆಚ್ಚು ಡಿಸಿ ಕೊಡುವ ಶಕ್ತಿ ಇಲ್ಲ. 220 ಮಿಲಿವೋಲ್ಟಿಗೆ 32 ಓಮಿನ ಹೆಡ್‌ಫೋನ್ ಜೋಡಿಸಿದರೆ ಒಂದೊಂದು ಕಿವಿಗೆ ಸುಮಾರು 7 ಮಿಲಿಆಂಪಿಯರ್, ಎರಡಕ್ಕೆ 14 ಬೇಕಾಗುತ್ತದೆ. ಅದನ್ನು ಕೊಡಲಾಗದೆ ನಡುಬಿಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ಜಾರುತ್ತದೆ. ಮೇಲಿನ ಅರ್ಧ 7 ವೋಲ್ಟ್, ಕೆಳಗಿನ ಅರ್ಧ 2 ವೋಲ್ಟ್, ಹೀಗೆ ಆಗಿಬಿಡುತ್ತದೆ. ಸ್ವರದ ಅಲೆ ಕೆಳಮುಖವಾಗಿ ಇಳಿಯಲು ಜಾಗವೇ ಉಳಿಯುವುದಿಲ್ಲ, ಆ ಬದಿ ಕತ್ತರಿಸಿ ಹೋಗುತ್ತದೆ. ಮಾತು ಮೆತ್ತಗಿದ್ದಾಗ ಗೊತ್ತಾಗುವುದಿಲ್ಲ, ಭಾಗವತರು ಏರಿದಾಗ ಗೊತ್ತಾಗುತ್ತದೆ. ನೀವು 4.5–4.5 ನೋಡಿದ್ದು ಹೆಡ್‌ಫೋನ್ ಇಲ್ಲದಾಗ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಲೋಡ್ ಇಲ್ಲದೆ ಅಳೆದದ್ದು ಅರ್ಧ ಅಳತೆ.

ಇದೇ ದೋಷ ಎಂದು ಖಚಿತ ಮಾಡಿಕೊಳ್ಳುವುದು

ಒಳ್ಳೆಯ ಹೆಡ್‌ಫೋನನ್ನು ಬದಿಗಿಡಿ. ಹಾಳಾದ ಇಯರ್‌ಫೋನಿನ ಪಿನ್ ಕತ್ತರಿಸಿಕೊಂಡು, ತುದಿ ಮತ್ತು ಬುಡದ ವಯರಿನ ನಡುವೆ ಒಂದು, ನಡುವಿನ ಉಂಗುರ ಮತ್ತು ಬುಡದ ವಯರಿನ ನಡುವೆ ಇನ್ನೊಂದು 33 ಓಮ್ ರೆಸಿಸ್ಟರ್ ಬೆಸೆಯಿರಿ. ಕಾಲು ವ್ಯಾಟಿನದ್ದು ಸಾಕು. ಇದು ನಿಮ್ಮ ಸುಳ್ಳು ಹೆಡ್‌ಫೋನ್. ಮುಂದೆ ಯಾವ ಆಂಪ್ ಮಾಡಿದರೂ ಮೊದಲು ಇದನ್ನೇ ಚುಚ್ಚಿ.

ಮೊದಲು ಏನನ್ನೂ ಚುಚ್ಚದೆ, ವಾಲ್ಯೂಮ್ ಪೂರ್ತಿ ಇಳಿಸಿ, ಮೀಟರನ್ನು 2 ವೋಲ್ಟ್ ಡಿಸಿಯಲ್ಲಿಟ್ಟು, ಕಪ್ಪು ಕಡ್ಡಿ ನಡುಬಿಂದುವಿಗೆ, ಕೆಂಪು ಕಡ್ಡಿ ಐಸಿಯ 1ನೇ ಕಾಲಿಗೆ, ಆಮೇಲೆ 7ನೇ ಕಾಲಿಗೆ ಮುಟ್ಟಿಸಿ. ಎರಡರಲ್ಲೂ ಮೈನಸ್ 0.2ರ ಆಸುಪಾಸು ಬಂದರೆ ಮೇಲಿನ ಲೆಕ್ಕ ಸರಿ. ಈಗ 1 ಕಿಲೋಓಮಿನ ಒಂದು ರೆಸಿಸ್ಟರನ್ನು 3ನೇ ಕಾಲು ಮತ್ತು ಗ್ರೌಂಡಿನ ನಡುವೆ, 100 ಕಿಲೋಓಮಿನ ಬೆನ್ನ ಮೇಲೆಯೇ, ಕೈಯಲ್ಲಿ ಒತ್ತಿ ಹಿಡಿಯಿರಿ. 1ನೇ ಕಾಲಿನ ಅಳತೆ ತಟ್ಟನೆ ಕೆಲವೇ ಮಿಲಿವೋಲ್ಟಿಗೆ ಇಳಿಯಬೇಕು. ರೆಸಿಸ್ಟರ್ ಎತ್ತಿದರೆ ಮತ್ತೆ ಏರಬೇಕು. ಹೀಗಾದರೆ ಸಂಶಯವೇ ಬೇಡ. ಇಳಿಯದಿದ್ದರೆ ದೋಷ ಬೇರೆಲ್ಲೋ ಇದೆ, ಮೊದಲು 2 ಮತ್ತು 6ನೇ ಕಾಲಿನ ಬೆಸುಗೆ ನೋಡಿ.

ಕೊನೆಗೆ ಸುಳ್ಳು ಹೆಡ್‌ಫೋನ್ ಚುಚ್ಚಿ, ಬ್ಯಾಟರಿಯ ಎರಡು ಅರ್ಧಗಳನ್ನು ಮತ್ತೆ ಅಳೆಯಿರಿ. ಅಸಮಾನತೆ ಕಣ್ಣಿಗೇ ಕಾಣುತ್ತದೆ.

ಓಪಿಎ2134 ಎಂದು ಅಚ್ಚಾದ ಐಸಿಯನ್ನು ತೀರಾ ಅಗ್ಗಕ್ಕೆ ಆನ್‌ಲೈನ್‌ನಲ್ಲಿ ತರಿಸಿಕೊಂಡವರೂ ಇದೇ ಪರೀಕ್ಷೆ ಮಾಡಿ. ಇನ್ನೂರು ಮಿಲಿವೋಲ್ಟಿನ ಹತ್ತಿರ ಬಂದು, 1 ಕಿಲೋಓಮ್ ಮುಟ್ಟಿಸಿದಾಗ ಇಳಿದರೆ, ಮೈಮೇಲೆ ಏನೇ ಬರೆದಿರಲಿ, ಒಳಗಿರುವುದು ಫೆಟ್ ಐಸಿ ಅಲ್ಲ.

ಸರಿಪಡಿಸುವುದು

100 ಕಿಲೋಓಮ್ ತೆಗೆದು 10 ಕಿಲೋಓಮ್ ಹಾಕಿ. ಅದರ ಜೊತೆಗಿರುವ 0.1 ಮೈಕ್ರೋಫ್ಯಾರಡ್ ಇನ್‌ಪುಟ್ ಕೆಪಾಸಿಟರನ್ನೂ 1 ಮೈಕ್ರೋಫ್ಯಾರಡ್ ಮಾಡಲೇಬೇಕು. ಇವೆರಡರ ಗುಣಲಬ್ಧವೇ ಕೆಳಸ್ವರ ಎಲ್ಲಿಯವರೆಗೆ ಉಳಿಯುತ್ತದೆ ಎಂದು ತೀರ್ಮಾನಿಸುವುದು. ಹಳೆಯ ಜೋಡಿಯಲ್ಲೂ ಹೊಸ ಜೋಡಿಯಲ್ಲೂ ಅದು 16 ಹರ್ಟ್ಸ್. ಕೆಪಾಸಿಟರ್ ಹಾಗೆಯೇ ಬಿಟ್ಟರೆ 160 ಹರ್ಟ್ಸಿನ ಕೆಳಗೆ ಸೊರಗುತ್ತದೆ, ಮದ್ದಳೆಯ ಗುಂ ಎಂಬ ನಾದ ಹೋಗಿ ಬರೀ ತಟತಟ ಉಳಿಯುತ್ತದೆ. ಚೌಕ ಡಬ್ಬಿಯಂತಿರುವ 63 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಕೇಳಿ ತನ್ನಿ. ಎಲೆಕ್ಟ್ರೋಲಿಟಿಕ್ ಬೇಡ, ಅದರಲ್ಲಿ ಸ್ವಲ್ಪ ಕರೆಂಟ್ ಸೋರುತ್ತದೆ.

ಗೇನ್ ಕೂಡ ಇಳಿಸಿ. ಇಂದಿನ ಮೊಬೈಲಿಗೆ 11 ಪಟ್ಟು ಏನೂ ಬೇಡ. 1 ಕಿಲೋಓಮ್ ಹಾಗೇ ಇರಲಿ, ಅದರ ಜೊತೆಗಿರುವ ಹಳೆಯ 10 ಕಿಲೋಓಮಿನ (ಈಗ ಹಾಕಿದ್ದರದ್ದಲ್ಲ) ಜಾಗಕ್ಕೆ 2.2 ಕಿಲೋಓಮ್ ಹಾಕಿದರೆ ಗೇನ್ 3.2. ಈಗ ಲೆಕ್ಕ ನೋಡಿ: 200 ನ್ಯಾನೋಆಂಪಿಯರ್, 10 ಕಿಲೋಓಮ್, 2 ಮಿಲಿವೋಲ್ಟ್, ಅದರ 3.2 ಪಟ್ಟು, 6.4 ಮಿಲಿವೋಲ್ಟ್. ಐಸಿಯಿಂದ ಐಸಿಗೆ ವ್ಯತ್ಯಾಸ ಇರುತ್ತದೆ, ಆದರೂ 20ರ ಒಳಗೆ ಬಂದರೆ ನಿಶ್ಚಿಂತೆಯಿಂದ ಕೇಳಬಹುದು. 50 ದಾಟಿದರೆ ಹೆಡ್‌ಫೋನ್ ಚುಚ್ಚಬೇಡಿ.

ರೆಸಿಸ್ಟರ್‌ಗಳನ್ನು ಬೆಸೆಯುವ ಮೊದಲು ಒಂದೊಂದಾಗಿ ಮೀಟರಿನಲ್ಲಿ ನೋಡಿ. ಐದು ಪಟ್ಟಿಯ ನೀಲಿ ರೆಸಿಸ್ಟರಿನ ಮೊದಲ ನಾಲ್ಕು ಪಟ್ಟಿಗಳಲ್ಲಿ 1 ಕಿಲೋಓಮ್ ಎಂದರೆ ಕಂದು, ಕಪ್ಪು, ಕಪ್ಪು, ಕಂದು. 10 ಕಿಲೋಓಮ್ ಎಂದರೆ ಕಂದು, ಕಪ್ಪು, ಕಪ್ಪು, ಕೆಂಪು. ರಾತ್ರಿ ದೀಪದಲ್ಲಿ ಆ ನೀಲಿಯ ಮೇಲೆ ಕಂದು ಯಾವುದು, ಕೆಂಪು ಯಾವುದು ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಎರಡು 9 ವೋಲ್ಟ್ ಬ್ಯಾಟರಿ ಹಾಕಿದರೆ ಸಾಕೆಂದು ಕೆಲವರು ಹೇಳಬಹುದು. ಒಂದರ ಮೈನಸ್ಸು ಇನ್ನೊಂದರ ಪ್ಲಸ್ಸಿಗೆ ಸೇರಿಸಿ ಅದನ್ನೇ ಗ್ರೌಂಡ್ ಮಾಡುವ ಈ ಕ್ರಮ ಒಳ್ಳೆಯದೇ, 4.7 ಕಿಲೋಓಮಿನ ಜೋಡಿಯೂ ಬೇಡವಾಗುತ್ತದೆ. ಆದರೆ ಡಿಸಿ ಸರಿಮಾಡದೆ ಇದನ್ನು ಮಾಡಬೇಡಿ. ಗಟ್ಟಿ ಗ್ರೌಂಡ್ ಸಿಕ್ಕಿದಾಗ ಸ್ವರ ಒಡೆಯುವುದು ನಿಲ್ಲುತ್ತದೆ, ಆದರೆ ಆ 7 ಮಿಲಿಆಂಪಿಯರ್ ಪೂರ್ತಿ ಹೆಡ್‌ಫೋನಿನ ಸುರುಳಿಯಲ್ಲಿ ಹರಿದು ಅದರ ಪೊರೆಯನ್ನು ಸದಾ ಒಂದು ಬದಿಗೆ ಎಳೆದಿಡುತ್ತದೆ. ದೋಷ ಕಿವಿಗೆ ಕೇಳುವುದಿಲ್ಲ, ಒಳಗೇ ಇರುತ್ತದೆ. ಇನ್ನೊಂದು ಮಾತು: ಸ್ವಿಚ್ಚು ಎರಡೂ ಬ್ಯಾಟರಿಯನ್ನು ಒಟ್ಟಿಗೆ ಕಡಿಯುವ ಆರು ಕಾಲಿನದ್ದೇ ಆಗಿರಬೇಕು. ಒಂದು ಮಾತ್ರ ಕಡಿದರೆ ಔಟ್‌ಪುಟ್ ಒಂದು ಬದಿಗೆ ಪೂರ್ತಿ ಜಿಗಿದು ಹೆಡ್‌ಫೋನ್ ಸುಡಬಹುದು.

ಇಷ್ಟೆಲ್ಲ ಮಾಡಿಯೂ ಸರಿಯಾಗದಿದ್ದರೆ

ಐಸಿ ಬೆರಳಿಗೆ ಬಿಸಿ ತಾಗುತ್ತಿದ್ದರೆ ಕರೆಂಟ್ ಅಳೆಯಿರಿ. ಬ್ಯಾಟರಿ ಬಿಚ್ಚಬೇಕಾಗಿಲ್ಲ: ಸ್ವಿಚ್ ಆಫ್ ಮಾಡಿ, ಮೀಟರನ್ನು 200 ಮಿಲಿಆಂಪಿಯರಿಗೆ ಇಟ್ಟು, ಕಡ್ಡಿಗಳನ್ನು ಸ್ವಿಚ್ಚಿನ ಎರಡು ಕಾಲಿಗೆ ಮುಟ್ಟಿಸಿದರೆ ಆಂಪ್ ಮೀಟರಿನ ಮೂಲಕವೇ ಓಡುತ್ತದೆ. ಹಾಡು ಇಲ್ಲದಾಗ, ಎಲ್‌ಇಡಿಯನ್ನೂ ಸೇರಿಸಿ, ಸುಮಾರು 10 ಮಿಲಿಆಂಪಿಯರ್ ಸಹಜ. 25–30 ಅಥವಾ ಅದಕ್ಕೂ ಹೆಚ್ಚಿದ್ದರೆ ಐಸಿ ತಿರುಗಿ ಕೂತಿದೆ, ಇಲ್ಲವೇ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಕಿವಿಗೆ ಕೇಳದಷ್ಟು ಎತ್ತರದ ಸ್ವರದಲ್ಲಿ ಅದು ತಾನಾಗಿಯೇ ಕೂಗುತ್ತಿದೆ. ಕೊನೆಯದಕ್ಕೆ ಮದ್ದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್, 4 ಮತ್ತು 8ನೇ ಕಾಲಿನ ನಡುವೆ, ಸಾಕೆಟಿನ ಅಡಿಯಲ್ಲೇ. ಒಂದು ಸೆಂಟಿಮೀಟರಿಗಿಂತ ದೂರ ಬೇಡ.

ಭಾಗವತರ ಸ್ವರವೇ ಮಾಯವಾಗಿ, ಚೆಂಡೆ ಮತ್ತು ಜನರ ಗದ್ದಲ ಮಾತ್ರ ಕೊಡದೊಳಗಿಂದ ಬಂದಂತೆ ಕೇಳಿದರೆ, ಹೆಡ್‌ಫೋನ್ ಸಾಕೆಟಿನ ಗ್ರೌಂಡ್ ಕಾಲು ಬಿಟ್ಟಿದೆ ಎಂದೇ ಅರ್ಥ. ಸ್ಟೀರಿಯೋ ರೆಕಾರ್ಡಿಂಗಿನ ನಡುವೆ ಇರುವುದೆಲ್ಲ ಎರಡೂ ಬದಿಯಲ್ಲಿ ಸಮ. ಗ್ರೌಂಡ್ ಇಲ್ಲದಿದ್ದರೆ ಸಮವಾದದ್ದು ಒಂದನ್ನೊಂದು ಕಳೆಯುತ್ತದೆ, ವ್ಯತ್ಯಾಸ ಮಾತ್ರ ಉಳಿಯುತ್ತದೆ.

ಸ್ಟೀಲ್ ಡಬ್ಬಿಯಲ್ಲಿ ಕೂರಿಸುವುದಾದರೆ ಎಚ್ಚರ. ಹೆಡ್‌ಫೋನ್ ಸಾಕೆಟಿನ ಲೋಹದ ಕುತ್ತಿಗೆ ನಡುಬಿಂದುವಿಗೆ ಸೇರಿದ್ದು, ಅಡಾಪ್ಟರ್ ಸಾಕೆಟಿನದ್ದು ಬ್ಯಾಟರಿಯ ಮೈನಸ್ಸಿಗೆ. ಎರಡೂ ಡಬ್ಬಿಗೆ ತಾಗಿದರೆ ಕೆಳಗಿನ ಅರ್ಧ ಸೊನ್ನೆ. ಅಡಾಪ್ಟರ್ ಸಾಕೆಟ್ ಪ್ಲಾಸ್ಟಿಕಿನದ್ದೇ ಇರಲಿ. ಅಡಾಪ್ಟರಿನಲ್ಲಿ ಮಾತ್ರ ಗುಂಯ್ ಎಂದು, ಬ್ಯಾಟರಿಯಲ್ಲಿ ಇಲ್ಲದಿದ್ದರೆ ಬೋರ್ಡಿನಲ್ಲಿ ಹುಡುಕಿ ಫಲವಿಲ್ಲ, ದೋಷ ಅಡಾಪ್ಟರಿನದ್ದು.

ಕುಂಬಳೆಯಿಂದ ಮಂಜೇಶ್ವರದವರೆಗೆ ಕಡಲಬದಿಯಲ್ಲಿರುವವರಿಗೆ ಒಂದು ಕೆಲಸ ಹೆಚ್ಚು. ಬೆಸುಗೆಯ ಸುತ್ತ ಉಳಿದ ಪೇಸ್ಟ್ ಆಟಿ ತಿಂಗಳ ಮಳೆಯ ತೇವವನ್ನು ಎಳೆದುಕೊಂಡು ಕಾಲುಗಳ ನಡುವೆ ಸಣ್ಣಗೆ ಕರೆಂಟ್ ಸೋರಿಸುತ್ತದೆ. ಬೇಸಗೆಯಲ್ಲಿ ಸರಿಯಿದ್ದ ಆಂಪ್ ಜೂನ್ ಕಳೆದ ಮೇಲೆ ಕರಕರ ಎನ್ನುವುದು ಹೀಗೆ. ಮೊಬೈಲ್ ರಿಪೇರಿಯವರ ಬಳಿ ಇರುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಹಾಕಿ ಬೋರ್ಡಿನ ಅಡಿ ತಿಕ್ಕಿ, ಅರ್ಧ ಗಂಟೆ ಒಣಗಲು ಬಿಡಿ. ಬ್ಯಾಟರಿ ಕಳಚಿಟ್ಟೇ ಮಾಡಿ. ತಿಕ್ಕಿದ ಮೇಲೆ ಔಟ್‌ಪುಟ್‌ನ ಮಿಲಿವೋಲ್ಟನ್ನು ಮತ್ತೊಮ್ಮೆ ಅಳೆದು, ಆಮೇಲೆ ಹೆಡ್‌ಫೋನ್ ಚುಚ್ಚಿ.