ಆಡದೆ ಉಳಿದ ಆಟಗಳ ರಾಶಿಗೆ ಎಲ್ಲಿಂದ ಕೈ ಹಾಕುವುದು?

ವಿಡಿಯೊ ಗೇಮ್‌ಗಳ ವಿನ್ಯಾಸ ನನ್ನ ವೃತ್ತಿ. ಅದರಲ್ಲೂ ಆಟದ ಮೊದಲ ಒಂದು ಗಂಟೆಯನ್ನು ಕಟ್ಟುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಆಟದ ಹುಚ್ಚಿರುವವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಚಂದಾ ಕಟ್ಟಿ ಪಡೆದ ಬಂಡಲ್‌ಗಳ, ಅಂದರೆ ಹಲವು ಆಟಗಳನ್ನು ಸೇರಿಸಿ ಕೊಡುವ ಕಟ್ಟುಗಳ, ಆಟಗಳು ಲೈಬ್ರರಿಯಲ್ಲಿ ಗುಡ್ಡೆ ಬಿದ್ದಿವೆ, ಮುಕ್ಕಾಲು ಪಾಲನ್ನು ತೆರೆದೂ ನೋಡಿಲ್ಲ, ಇವನ್ನೆಲ್ಲ ಮುಗಿಸುವುದು ಹೇಗೆ? ಎಲ್ಲವನ್ನೂ ಮುಗಿಸಬೇಕಾಗಿಲ್ಲ. ಅವುಗಳಲ್ಲಿ ನಿಮಗೆ ಒಗ್ಗುವ ಆಟ ಯಾವುದು, ಒಗ್ಗದ್ದು ಯಾವುದು ಎಂದು ಗೊತ್ತುಮಾಡಿಕೊಂಡರೆ ಸಾಕು. ತೊಡಕಿರುವುದು ಅಲ್ಲೇ. ಬಹಳ ಜನ ಈ ತೀರ್ಮಾನವನ್ನು ಆಟದ ತಪ್ಪು ಜಾಗದಲ್ಲಿ ಕೂತು ಮಾಡುತ್ತಾರೆ.

ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸವಿದೆ. ರಾಶಿಯಲ್ಲಿ ಸ್ವಂತದ್ದು ಯಾವುದು, ಬಾಡಿಗೆಯದು ಯಾವುದು ಎಂದು ಬೇರ್ಪಡಿಸಿಕೊಳ್ಳಿ. ಹಂಬಲ್ ಮಂತ್ಲಿ ಎಂದು 2015ರಲ್ಲಿ ಶುರುವಾಗಿ 2019ರ ಡಿಸೆಂಬರ್‌ನಲ್ಲಿ ಹಂಬಲ್ ಚಾಯ್ಸ್ ಆದ ಚಂದಾದಲ್ಲಿ ಸಿಗುವುದು ಬಹುತೇಕ ಸ್ಟೀಮ್ ಕೀಗಳು, ಅಂದರೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ನಿಮ್ಮ ಖಾತೆಗೆ ಆಟವನ್ನು ಸೇರಿಸುವ ಕೋಡ್‌ಗಳು. ಒಮ್ಮೆ ಕೀ ಹಾಕಿಕೊಂಡರೆ ಚಂದಾ ನಿಲ್ಲಿಸಿದರೂ ಆಟ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ಪ್ಲೇಸ್ಟೇಷನ್ ಪ್ಲಸ್ ಕೊಡುವ ತಿಂಗಳ ಆಟಗಳ ಲೆಕ್ಕ ಬೇರೆ: ಹೇಳಿದ ಗಡುವಿನೊಳಗೆ ಲೈಬ್ರರಿಗೆ ಸೇರಿಸಿಕೊಂಡಿದ್ದರೆ, ಚಂದಾ ಚಾಲ್ತಿಯಲ್ಲಿರುವಷ್ಟು ಕಾಲ ಆಡಬಹುದು. 2017ರಲ್ಲಿ ಬಂದ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನಲ್ಲಂತೂ ಆಟಗಳು ಬರುತ್ತವೆ, ಹೋಗುತ್ತವೆ. ಹೊರಡುವ ಆಟಗಳ ಪಟ್ಟಿಯನ್ನು ಮೊದಲೇ ತೋರಿಸುತ್ತಾರೆ. ಹಾಗಾಗಿ ಸರದಿಯಲ್ಲಿ ಮುಂದೆ ನಿಲ್ಲಬೇಕಾದ್ದು ಹೊರಟು ನಿಂತ ಆಟಗಳು. ಸ್ವಂತದವು ಎಲ್ಲಿಗೂ ಹೋಗುವುದಿಲ್ಲ, ಅವು ಕಾಯಲಿ. ಬಂಡಲ್‌ನ ಕೆಲವು ಕೀಗಳಿಗೆ ಮಾತ್ರ ಇಂಥ ದಿನದೊಳಗೆ ಹಾಕಿಕೊಳ್ಳಬೇಕು ಎಂಬ ಗಡುವು ಇರುತ್ತದೆ. ಹಾಕಿಕೊಳ್ಳದೆ ಬಿಟ್ಟ ಕೀಗಳಿದ್ದರೆ ಅದನ್ನು ಇವತ್ತೇ ಮುಗಿಸಿಬಿಡಿ.

ಇನ್ನು ಮನಸ್ಸಿನಲ್ಲಿ ಕೊರೆಯುವ ವಿಷಯ, ದುಡ್ಡು. ಕೊಟ್ಟ ದುಡ್ಡು ದಂಡವಾಗಬಾರದು ಎಂದು ಇಷ್ಟವಿಲ್ಲದ ಆಟವನ್ನೂ ಎಳೆದಾಡಿಕೊಂಡು ಆಡುವವರಿದ್ದಾರೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಮನಶ್ಶಾಸ್ತ್ರದ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ಬಂಡಲ್‌ಗಳಿಗೆ ತೀರಾ ಹತ್ತಿರದ್ದು. ಅಮೆರಿಕದ ಒಂದು ವಿಶ್ವವಿದ್ಯಾಲಯದ ರಂಗಮಂದಿರಕ್ಕೆ ಇಡೀ ಸೀಸನ್ನಿನ ನಾಟಕಗಳ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿ ಬೆಲೆಗೆ ಟಿಕೆಟ್ ಕೊಟ್ಟರು. ಯಾರಿಗೆ ಯಾವ ಬೆಲೆ ಎಂಬುದು ಕೇವಲ ಆಕಸ್ಮಿಕ. ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ತೆತ್ತವರು ಹೆಚ್ಚು ನಾಟಕಗಳಿಗೆ ಹೋದರು. ಎರಡನೆಯ ಅರ್ಧದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಕೊಟ್ಟ ದುಡ್ಡು ಸ್ವಲ್ಪ ದಿನ ಹಿಂದಿನಿಂದ ನೂಕುತ್ತದೆ, ಆಮೇಲೆ ಅದರ ಬಲ ಕುಂದುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಹಳೆಯ ತಿಂಗಳುಗಳ ಬಂಡಲ್ ಹೆಸರಿನಲ್ಲಿ ನಿಮ್ಮನ್ನು ನೀವು ನೂಕಿಕೊಂಡು ಪ್ರಯೋಜನವಿಲ್ಲ. ಅಷ್ಟಕ್ಕೂ ಯಾವುದೇ ಬಂಡಲ್‌ಗೆ ನಾವು ದುಡ್ಡು ಕೊಡುವುದು ಅದರಲ್ಲಿ ಕಣ್ಣಿಟ್ಟ ಒಂದೆರಡು ಆಟಗಳಿಗೆ. ಆ ಆಟ ಆಡಿದ್ದೀರಾದರೆ ದುಡ್ಡು ವಸೂಲಾಗಿದೆ. ಜೊತೆಗೆ ಬಂದವು ಪರಿಚಯಕ್ಕೆ ಬಂದವು, ಅವುಗಳ ಸಾಲವೇನೂ ನಿಮ್ಮ ಮೇಲಿಲ್ಲ.

ಪರಿಚಯ ಮಾಡಿಕೊಳ್ಳುವುದು ಹೇಗೆ ಎಂಬಲ್ಲಿ ನನ್ನ ಕೆಲಸದ ಅನುಭವ ನಿಮಗೆ ಉಪಯೋಗಕ್ಕೆ ಬರಬಹುದು. ಆಟದ ತಯಾರಿಯಲ್ಲಿ ಅತಿ ಹೆಚ್ಚು ಸಲ ತಿದ್ದುಪಡಿ ಕಾಣುವ ಭಾಗ ಆರಂಭದ್ದು. ಆಟ ತೆರೆದ ಪ್ರತಿಯೊಬ್ಬರೂ ನೋಡುವುದು ಅದನ್ನು. ಕೊನೆಯ ಬಾಸ್‌, ಅಂದರೆ ಕೊನೆಯ ದೊಡ್ಡ ಶತ್ರುವಿನವರೆಗೆ ಬರುವವರು ಅವರಲ್ಲಿ ಕೆಲವರು. ಹಾಗಾಗಿ ಒಳ್ಳೆಯ ಸಂಗೀತ, ಒಳ್ಳೆಯ ಅನಿಮೇಷನ್, ಜಾಣತನದ ಕ್ಯಾಮೆರಾ ಎಲ್ಲವೂ ಅಲ್ಲಿ ಬಂದು ಕೂರುತ್ತವೆ. ಎಷ್ಟೋ ತಂಡಗಳು ಮೊದಲ ಲೆವೆಲ್‌ನ ಅಂತಿಮ ರೂಪವನ್ನು ಕೆಲಸದ ಕೊನೆಯ ಹಂತದಲ್ಲಿ, ಆಟ ಏನೆಂದು ತಮಗೇ ಪೂರ್ತಿ ಗೊತ್ತಾದ ಮೇಲೆ ಕಟ್ಟುತ್ತವೆ. ಮೊದಲ ಅರ್ಧ ಗಂಟೆ ನೋಡಿ ಆಟವನ್ನು ಮೆಚ್ಚಿಕೊಂಡರೆ ನೀವು ಮೆಚ್ಚಿರುವುದು ನನ್ನಂಥವರ ಆ ತಿದ್ದುಪಡಿಯನ್ನು, ಆಟವನ್ನಲ್ಲ. ಬೇಸರದಿಂದ ಮುಚ್ಚಿದರೂ ಅಷ್ಟೇ: ನಿಮಗೆ ಬೇಸರ ತಂದದ್ದು ಪಾಠ ಹೇಳುವ ಭಾಗ. ಆಟ ಇನ್ನೂ ಶುರುವೇ ಆಗಿರಲಿಲ್ಲ.

ಹೊಸ ಆಟವನ್ನು ಹೊರಗಿನವರಿಂದ ಆಡಿಸಿ ನೋಡುವಾಗ ನಾನು ಪರದೆಗಿಂತ ಹೆಚ್ಚಾಗಿ ಆಡುವವರ ಕೈಯನ್ನು ಗಮನಿಸುತ್ತೇನೆ. ಜಿಗಿಯಲು ಈ ಬಟನ್ ಒತ್ತಿ, ಹೊಡೆಯಲು ಆ ಬಟನ್ ಒತ್ತಿ ಎಂಬ ಬರಹ ಮೂಡುತ್ತಿರುವವರೆಗೆ ಅವರ ಹೆಬ್ಬೆರಳುಗಳು ಅಪ್ಪಣೆಗೆ ಕಾಯುತ್ತಿರುತ್ತವೆ. ಬರಹ ನಿಂತ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಯಾರೂ ಹೇಳಿಕೊಡದ ಏನನ್ನೋ ಮಾಡುತ್ತಾರೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಗೋಡೆಗೆ ಕತ್ತಿ ಬೀಸಿ ನೋಡುವವರಿದ್ದಾರೆ, ಕಾವಲುಗಾರನ ಬೆನ್ನ ಹಿಂದಿನಿಂದ ಬರಲಾಗುತ್ತದೆಯೇ ಎಂದು ಹೊಂಚುವವರಿದ್ದಾರೆ. ಆಟ ಶುರುವಾಗುವುದು ಆಗ. ನೀವೂ ನಿಮ್ಮ ತೀರ್ಮಾನವನ್ನು ಆ ಕ್ಷಣದಿಂದ ಆಚೆಗೆ ಮುಂದೂಡಿ. ಪಾಠ ಹೇಳುವ ಆ ಟ್ಯುಟೋರಿಯಲ್ ಮುಗಿದ ಮೇಲೆ, ಆಟದ ಮುಖ್ಯ ಕೆಲಸ ಯಾವುದೋ ಅದನ್ನು, ಕಾಳಗವಾಗಲಿ ಒಗಟಾಗಲಿ ರೇಸ್ ಆಗಲಿ, ಮೂರು ಸಲ ಮಾಡಿ. ಮೂರನೆಯ ಸಲ ನೀವು ಮೊದಲ ಸಲಕ್ಕಿಂತ ಬೇರೆ ರೀತಿಯಲ್ಲಿ ಯೋಚಿಸಿದಿರಾ? ಯೋಚಿಸಬೇಕೆನಿಸಿತೇ? ಇಲ್ಲವೆಂದಾದರೆ ಧೈರ್ಯವಾಗಿ ಬಿಡಿ.

ಒಂದು ಆಟವನ್ನೇ ಹಿಡಿದು ಹೇಳುತ್ತೇನೆ. 2018ರಲ್ಲಿ ಬಂದ ಇನ್‌ಟು ದ ಬ್ರೀಚ್‌ನಲ್ಲಿ ಚದುರಂಗದ ಮಣೆಯಂತೆ ಎಂಟಕ್ಕೆ ಎಂಟು ಮನೆಗಳ ನೆಲ. ನಿಮ್ಮ ಕೈಯಲ್ಲಿ ಮೂರು ಯಂತ್ರಗಳು. ಎದುರಿನ ದೈತ್ಯ ಕೀಟಗಳು ಮುಂದಿನ ಏಟು ಯಾವ ಮನೆಗೆ ಹೊಡೆಯುತ್ತವೆ ಎಂಬುದನ್ನು ಆಟವೇ ಮುಂಚಿತವಾಗಿ ತೋರಿಸಿಬಿಡುತ್ತದೆ. ಮೊದಲ ಕಾಳಗದಲ್ಲಿ ಸಾಮಾನ್ಯವಾಗಿ ಎಲ್ಲರೂ ಸಿಕ್ಕ ಕೀಟಕ್ಕೆ ಗುಂಡು ಹೊಡೆಯುತ್ತಾರೆ, ಅಷ್ಟರಲ್ಲಿ ನೀವು ಕಾಯಬೇಕಿದ್ದ ಕಟ್ಟಡವೊಂದು ಉರುಳುತ್ತದೆ. ಎರಡು ಮೂರು ಕಾಳಗ ಕಳೆಯುವಷ್ಟರಲ್ಲಿ ಕೀಟವನ್ನು ಕೊಲ್ಲುವ ಗೋಜಿಗೆ ಹೋಗದೆ ಪಕ್ಕದ ಮನೆಗೆ ತಳ್ಳಿದರೂ ಸಾಕು ಎಂದು ಹೊಳೆಯುತ್ತದೆ. ಕಟ್ಟಡಕ್ಕೆ ಬೀಳಬೇಕಿದ್ದ ಏಟು ಆ ಕೀಟದ ಜೊತೆಗಾರನ ಮೈಮೇಲೆ ಬೀಳುತ್ತದೆ. ಆ ಹೊಳಹಿಗೆ ನೀವು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರೆ ಈ ಆಟ ನಿಮ್ಮದು. ಬರೀ ಲೆಕ್ಕ ಬಿಡಿಸಿದಂತೆ ಅನಿಸಿದರೆ ಮುಂದೆ ಬರುವ ಹೊಸ ಯಂತ್ರ, ಹೊಸ ಆಯುಧಗಳಿಂದಲೂ ಅದು ಬದಲಾಗುವುದಿಲ್ಲ, ಅವು ಇದೇ ಲೆಕ್ಕವನ್ನು ಇನ್ನಷ್ಟು ಹಿಗ್ಗಿಸುತ್ತವೆ ಅಷ್ಟೇ.

ಎಲ್ಲ ಆಟಕ್ಕೂ ಇದೇ ಅಳತೆ ಹೊಂದುವುದಿಲ್ಲ. ಪರ್ಸೋನಾ 5ರಂಥ, ಮುಗಿಸಲು ಸುಮಾರು ನೂರು ಗಂಟೆ ಬೇಡುವ ಆಟದಲ್ಲಿ ಮೊದಲ ಕೆಲವು ಗಂಟೆ ಕತೆಯೇ ನಿಮ್ಮ ಕೈಹಿಡಿದು ನಡೆಸುತ್ತದೆ. ದಿನವನ್ನು ಹೇಗೆ ಕಳೆಯಬೇಕೆಂಬ ಆಯ್ಕೆ ನಿಮಗೆ ಸಿಗುವುದೇ ತಡವಾಗಿ. ಅಲ್ಲಿಯವರೆಗೆ ಹೋಗುವ ವ್ಯವಧಾನ ಈ ತಿಂಗಳು ಇಲ್ಲವೆಂದರೆ ಶುರು ಮಾಡಲೇಬೇಡಿ, ಅರೆಬರೆ ಪರೀಕ್ಷೆ ಆ ಆಟಕ್ಕೆ ಅನ್ಯಾಯ. ಅದರ ತದ್ವಿರುದ್ಧ ತುದಿಯಲ್ಲಿ ಎ ಶಾರ್ಟ್ ಹೈಕ್, ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್‌ನಂಥವು ಇವೆ. ಎರಡು ಮೂರು ಗಂಟೆಯಲ್ಲಿ ಮುಗಿದುಹೋಗುತ್ತವೆ. ಇವಕ್ಕೆ ಪರೀಕ್ಷೆಯೇ ಬೇಡ, ಒಂದು ಸಂಜೆ ಕೂತು ಪೂರ್ತಿ ಆಡಿಬಿಡಿ. ಬಂಡಲ್‌ಗಳಲ್ಲಿ ಇಂಥ ಪುಟ್ಟ ಆಟಗಳು ದೊಡ್ಡ ಹೆಸರುಗಳ ನೆರಳಲ್ಲಿ ಕಾಣದೆ ಹೋಗುತ್ತವೆ. ನನ್ನ ಮಟ್ಟಿಗೆ ಇಡೀ ರಾಶಿಯ ನಿಜವಾದ ಸಂಪತ್ತು ಅವೇ. ಯಾವ ಆಟಕ್ಕೆ ಎಷ್ಟು ಹೊತ್ತು ಬೇಕು ಎಂದು ತಿಳಿಯಲು ಹೌ ಲಾಂಗ್ ಟು ಬೀಟ್ ತಾಣ ನೋಡಿ. ಆಡಿದವರೇ ದಾಖಲಿಸಿದ ಸಮಯ ಅಲ್ಲಿರುತ್ತದೆ.

ಸ್ಟೀಮ್‌ನ ಎರಡು ಗಂಟೆಯ ನಿಯಮವನ್ನೇ ಅಳತೆಗೋಲು ಮಾಡಿಕೊಂಡವರನ್ನೂ ಕಂಡಿದ್ದೇನೆ. ಆ ಅಂಗಡಿಯಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಂದಿರುಗಿಸಬಹುದು ಎಂಬುದು ನಿಯಮ. ಹೊರಗಿನಿಂದ ತಂದು ಹಾಕಿದ ಬಂಡಲ್ ಕೀಗಳಿಗೆ ಅದು ಅನ್ವಯಿಸುವುದೇ ಇಲ್ಲ. ಗಡಿಯಾರ ನೋಡಿಕೊಂಡು ಆಡುವ ಕಷ್ಟ ನಿಮಗೇಕೆ?

ಇನ್‌ಸ್ಟಾಲ್ ಮಾಡಿಟ್ಟುಕೊಳ್ಳುವುದು ಒಮ್ಮೆಗೆ ಮೂರೇ ಆಟ ಇರಲಿ: ಒಂದು ದೊಡ್ಡದು, ಒಂದು ಪುಟ್ಟದು, ಇನ್ನೊಂದು ದಣಿದು ಬಂದಾಗ ಹದಿನೈದು ನಿಮಿಷ ಆಡಿ ಇಡಬಹುದಾದದ್ದು. ಬಾಲ್ಡರ್ಸ್ ಗೇಟ್ 3ರಂಥ ಆಟಕ್ಕೆ 150 ಜಿಬಿ ಜಾಗ ಬೇಕು, ಡಿಸ್ಕ್ ತಾನಾಗಿಯೇ ಈ ಶಿಸ್ತು ಕಲಿಸುತ್ತದೆ. ಉಳಿದವುಗಳನ್ನು ಸ್ಟೀಮ್‌ನ ಕಲೆಕ್ಷನ್‌ಗಳಲ್ಲಿ ಹಾಕಿ, ನೋಡಬೇಕಾದ್ದು ಒಂದು ಕಡೆ, ನೋಡಿ ಬಿಟ್ಟದ್ದು ಒಂದು ಕಡೆ.

ಕಷ್ಟದ ಮಟ್ಟ ಇಳಿಸಿಕೊಳ್ಳಲು ನಾಚುವವರಿಗೆ ಒಂದು ಮಾತು. ಆ ಆಯ್ಕೆಯನ್ನು ಅಲ್ಲಿಟ್ಟವರು ನಾವೇ, ನೀವು ಬಳಸಲಿ ಎಂದೇ ಇಟ್ಟಿದ್ದೇವೆ. ಬಹಳ ಕಠಿಣ ಆಟವೆಂದು ಹೆಸರಾದ, 2018ರ ಸೆಲೆಸ್ಟ್‌ನಲ್ಲಿ ಅಸಿಸ್ಟ್ ಮೋಡ್ ಇದೆ. ಆಟದ ವೇಗವನ್ನೇ ತಗ್ಗಿಸಬಹುದು, ಪಾತ್ರ ಸಾಯದಂತೆಯೂ ಮಾಡಿಕೊಳ್ಳಬಹುದು. ಕತೆ ಹಿಡಿಸಿದೆ, ಒಬ್ಬ ಬಾಸ್ ದಾರಿ ಬಿಡುತ್ತಿಲ್ಲ ಎಂದು ಇಡೀ ಆಟವನ್ನು ಕೈಬಿಟ್ಟವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅರ್ಧಕ್ಕೆ ನಿಂತ ಆಟಗಳದ್ದು ಬೇರೆಯೇ ತೊಂದರೆ. ಎರಡು ತಿಂಗಳ ಮೇಲೆ ಸೇವ್ ತೆರೆದರೆ ಕತೆ ಹೇಗೋ ನೆನಪಾಗುತ್ತದೆ, ಕೈ ಮಾತ್ರ ಎಲ್ಲವನ್ನೂ ಮರೆತಿರುತ್ತದೆ. ಆಟ ನಿಮ್ಮ ಮುಂದೆ ನಿಲ್ಲಿಸುವ ಶತ್ರುವಾದರೋ ಹದಿನೈದು ಗಂಟೆ ಪಳಗಿದ ಕೈಗೆಂದು ಕೆತ್ತಿದವನು. ಸೋಲುತ್ತೀರಿ, ಮುಚ್ಚುತ್ತೀರಿ, ಮತ್ತೆ ತೆರೆಯುವುದಿಲ್ಲ. ಇದಕ್ಕೆ ನಾನು ಹೇಳುವ ಮದ್ದು: ಮುಂದಕ್ಕೆ ಹೋಗುವ ಮೊದಲು, ಈಗಾಗಲೇ ಗೆದ್ದ ಹಳೆಯ ಜಾಗಕ್ಕೆ ಮರಳಿ ಸುಲಭದ ಶತ್ರುಗಳ ಜೊತೆ ಅರ್ಧ ಗಂಟೆ ಕಳೆಯಿರಿ. ಕೈ ಕುದುರಿದ ಮೇಲೆ ಮುಂದಿನ ಮಾತು. ನಿಲ್ಲಿಸುವಾಗಲೂ ಬಾಸ್‌ನ ಬಾಗಿಲಲ್ಲಿ ನಿಲ್ಲಿಸಬೇಡಿ. ಊರಿನಲ್ಲೋ ಶಿಬಿರದಲ್ಲೋ ಸೇವ್ ಮಾಡಿ, ಎಲ್ಲಿಗೆ ಹೊರಟಿದ್ದೆ, ಯಾರನ್ನು ಕಾಣಬೇಕಿತ್ತು ಎಂದು ಫೋನಿನಲ್ಲಿ ಒಂದು ಸಾಲು ಬರೆದಿಡಿ.

ರಾಶಿ ಬೆಳೆಯುವುದು ನಿಲ್ಲದೆ ಕರಗುವುದಿಲ್ಲ. ಹಂಬಲ್ ಚಾಯ್ಸ್‌ನಲ್ಲಿ ಬೇಡದ ತಿಂಗಳನ್ನು ಬಿಟ್ಟು ಮುಂದಕ್ಕೆ ಹೋಗುವ ಸೌಲಭ್ಯವಿದೆ, ಆಟಗಳ ಪಟ್ಟಿಯೂ ಎದುರಿಗೇ ಇರುತ್ತದೆ. ಪಟ್ಟಿ ಓದಿ, ಈ ವಾರವೇ ಆಡುತ್ತೇನೆ ಅನ್ನುವಂಥದ್ದು ಒಂದಾದರೂ ಇಲ್ಲದಿದ್ದರೆ ಆ ತಿಂಗಳು ಬಿಟ್ಟುಬಿಡಿ.

ಬಿಟ್ಟ ಆಟಗಳ ಕಲೆಕ್ಷನ್ ಕಡೆಗೆ ಆಗಾಗ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು. ನಿಮ್ಮ ಅಭಿರುಚಿ ಬದಲಾಗಿರಬಹುದು, ಆಟವೇ ಬದಲಾಗಿರಬಹುದು. ಸೈಬರ್‌ಪಂಕ್ 2077 ಬಿಡುಗಡೆಯಾದದ್ದು 2020ರ ಡಿಸೆಂಬರ್‌ನಲ್ಲಿ, ದೋಷಗಳ ಹೊರೆಯೊಂದಿಗೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಅಪ್‌ಡೇಟ್ ಪಾತ್ರದ ಕೌಶಲಗಳು, ಪೊಲೀಸರ ಬೆನ್ನಟ್ಟುವಿಕೆ ಎಲ್ಲವನ್ನೂ ಹೊಸದಾಗಿ ಕಟ್ಟಿತು. ಮೊದಲ ದಿನಗಳಲ್ಲಿ ಅದನ್ನು ಆಡಿ ಬಿಟ್ಟವರ ತೀರ್ಮಾನ ಅಂದಿಗೆ ಸರಿಯೇ ಇತ್ತು. ಈಗ ಮತ್ತೆ ತೆರೆಯುವುದಾದರೆ ಹಳೆಯ ಸೇವ್ ಮುಟ್ಟಬೇಡಿ, ಹೊಸ ಪಾತ್ರದೊಂದಿಗೆ ಶುರು ಮಾಡಿ. ಕೌಶಲಗಳ ವ್ಯವಸ್ಥೆ ಬದಲಾಗಿರುವುದರಿಂದ ಮೊದಲಿನಿಂದ ಒಂದೊಂದಾಗಿ ಕಲಿತರೆ ಕೈಗೆ ಹತ್ತುತ್ತದೆ.