ಮೊದಲು ಬಂದ ಮೀನಿನದೇ ಟ್ಯಾಂಕು

"ಡ್ಯಾಮ್ಸೆಲ್ ಗಟ್ಟಿ ಮೀನು, ಮೊದಲು ಅದನ್ನೇ ಬಿಡಿ ಅಂದ್ರು ಅಂಗಡಿಯಲ್ಲಿ." ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಮಾಡಿಸಿದವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಕೆಲವು ತಿಂಗಳಾದ ಮೇಲೆ ಅವರದೇ ಫೋನ್ ಬರುತ್ತದೆ. ಏನು ತಂದು ಬಿಟ್ಟರೂ ಎರಡಿಂಚಿನ ಆ ಮೀನು ಕಚ್ಚಿ ಕಚ್ಚಿ ಮೂಲೆಗೆ ತಳ್ಳುತ್ತಿದೆ, ಏನ್ ಮಾಡೋದು ಅಂತ.

ಡ್ಯಾಮ್ಸೆಲ್ ಕೆಟ್ಟ ಮೀನಲ್ಲ. ಅದನ್ನು ಬಿಟ್ಟ ಹೊತ್ತು ತಪ್ಪು. ಖಾಲಿ ಟ್ಯಾಂಕಿಗೆ ಮೊದಲು ಇಳಿದ ಮೀನು ಇಡೀ ಟ್ಯಾಂಕನ್ನೇ ತನ್ನದು ಎಂದುಕೊಳ್ಳುತ್ತದೆ. ನೀರು ಹದಕ್ಕೆ ಬರಲು, ಅಂದರೆ ಮೀನಿನ ಹೊಲಸಿನಿಂದ ಬರುವ ವಿಷವಾದ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು, ಮೀನೇ ಬೇಕೆಂದಿಲ್ಲ. ಅಮೋನಿಯಂ ಕ್ಲೋರೈಡ್ ಅಳತೆ ಮಾಡಿ ಹಾಕಿ, ನಾಲ್ಕರಿಂದ ಆರು ವಾರ ಕಾದು, ಟೆಸ್ಟ್ ಕಿಟ್‌ನಲ್ಲಿ ನೋಡಿಕೊಂಡರೆ ಸಾಕು. ಆ ಕೆಲಸಕ್ಕೆಂದು ಒಂದು ಜೀವವನ್ನು ಅಮೋನಿಯದಲ್ಲಿ ಬೇಯಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಜೋರು ಮೀನು ಅಂದಾಗ ನಾನು ಮೊದಲು ಕೇಳುವುದು, ಅದರ ಜಗಳ ಹೊಟ್ಟೆಗೋ ಜಾಗಕ್ಕೋ ಅಂತ. ಲಯನ್ ಫಿಶ್‌ಗೆ ಯಾರ ಮೇಲೂ ದ್ವೇಷವಿಲ್ಲ. ಬಾಯಿಗೆ ಹಿಡಿಯುವಷ್ಟು ಚಿಕ್ಕ ಮೀನು ಎದುರು ಬಂದರೆ ನುಂಗುತ್ತದೆ, ಅಷ್ಟೇ. ಅದರ ಬಾಯಿ ನೋಡಿದ್ದಕ್ಕಿಂತ ಜಾಸ್ತಿ ಹಿಗ್ಗುತ್ತದೆ ಅನ್ನುವುದು ನೆನಪಿರಲಿ. ದೊಡ್ಡ ಟ್ಯಾಂಗ್ ಮೀನಿನ ಜೊತೆ ಅದು ವರ್ಷಗಟ್ಟಲೆ ತಣ್ಣಗಿರುತ್ತದೆ. ಇದಕ್ಕೆ ಪರಿಹಾರ ಅಳತೆಯಲ್ಲೇ ಇದೆ.

ಜಾಗದ ಜಗಳ ಹಾಗಲ್ಲ. ಸಮುದ್ರದಲ್ಲಿ ಕೆಲವು ಡ್ಯಾಮ್ಸೆಲ್‌ಗಳು ಬಂಡೆಯ ಮೇಲೆ ಒಂದು ತುಂಡು ಪಾಚಿಯನ್ನು ಕಾಯುತ್ತವೆ. ತಮಗಿಂತ ಹತ್ತು ಪಟ್ಟು ದೊಡ್ಡ ಮೀನು ಬಂದರೂ ಎದುರು ಹೋಗುತ್ತವೆ. ಅಲ್ಲಿ ಸೋತ ಮೀನು ನಾಲ್ಕು ಮೀಟರ್ ಆಚೆ ಹೋದರೆ ಜಗಳ ಮುಗಿಯಿತು. ನಮ್ಮ ಮನೆಯ ನಾಲ್ಕು ಅಡಿ ಟ್ಯಾಂಕಿನಲ್ಲಿ ಅದು ಎಲ್ಲಿಗೆ ಹೋಗಬೇಕು? ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೂ ಒಳಗಿರುವುದು ಸುಮಾರು 250 ಲೀಟರ್ ನೀರು. ಆ ತುದಿಯೂ ಗೆದ್ದ ಮೀನಿನದೇ. ಏಟಿಗಿಂತ ಹೆಚ್ಚಾಗಿ ಸೋತ ಮೀನನ್ನು ಕೊಲ್ಲುವುದು ಉಪವಾಸ. ಮೇಲಿನ ಮೂಲೆಯಲ್ಲಿ, ಹೀಟರ್ ಹಿಂದೆ ಅವಿತಿರುತ್ತದೆ. ಬಣ್ಣ ಕಳೆಗುಂದುತ್ತದೆ, ಬಾಲದ ಅಂಚು ಹರಿದಿರುತ್ತದೆ, ಉಸಿರು ಜೋರಾಗಿರುತ್ತದೆ. ಊಟಕ್ಕೆ ಬರುವುದಿಲ್ಲ. ಹೀಗೆ ಸೊರಗಿದ ಮೀನಿಗೇ ಬಿಳಿಚುಕ್ಕೆ ರೋಗ ಬೇಗ ಹತ್ತುತ್ತದೆ. ಮನೆಯವರು ರೋಗಕ್ಕೆ ಔಷಧಿ ಹುಡುಕುತ್ತಾರೆ, ಜಗಳ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಹಾಗಾಗಿ ನಾನು ಸಾಧು ಮೀನಿನಿಂದ ಶುರು ಮಾಡುತ್ತೇನೆ. ಫೈರ್‌ಫಿಶ್, ಗೋಬಿ, ಕಾರ್ಡಿನಲ್ ಮೊದಲು. ಅವು ತಮ್ಮ ತಮ್ಮ ಬಿಲ ಹಿಡಿದು, ಕರೆದರೆ ಊಟಕ್ಕೆ ಬರುವ ಹಾಗಾದ ಮೇಲೆ ಕ್ಲೌನ್ ಫಿಶ್ ಜೋಡಿ. ಆಮೇಲೆ ಟ್ಯಾಂಗ್. ಡ್ಯಾಮ್ಸೆಲ್, ಡಾಟಿಬ್ಯಾಕ್, ಸಿಕ್ಸ್‌ಲೈನ್ ರಾಸ್ ಬೇಕೇ ಬೇಕು ಅನ್ನುವವರಿಗೆ ಕೊನೆಯ ಪಾಳಿ. ಬೆರಳುದ್ದದ ಸಿಕ್ಸ್‌ಲೈನ್ ನೋಡಲು ಪಾಪ ಅನ್ನಿಸುತ್ತದೆ, ಆದರೆ ಆಮೇಲೆ ಬರುವ ರಾಸ್ ಜಾತಿಯ ಪ್ರತಿ ಮೀನಿಗೂ ಅದು ಕಾಟ ಕೊಡಬಹುದು. ಮರೂನ್ ಕ್ಲೌನ್ ಹೆಣ್ಣಂತೂ ಗಾಜು ಒರೆಸುವ ಕೈಗೇ ಬಂದು ಕಚ್ಚುತ್ತದೆ. ಕ್ಲೌನ್‌ಗಳಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಒಂದೇ ಅಳತೆಯ ಎರಡು ಮರೂನ್ ತಂದರೆ ಎರಡೂ ಉಳಿಯುವುದು ಕಷ್ಟ. ಒಂದು ದೊಡ್ಡದು, ಒಂದು ಮರಿ ಇರಬೇಕು.

ಟ್ಯಾಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜನ ಮನಸೋಲುವುದು ಅದಕ್ಕೇ. ಅದರ ಬಾಲದ ಬುಡದಲ್ಲಿ ಎರಡೂ ಪಕ್ಕ ಚೂರಿಯಂಥ ಮುಳ್ಳಿರುತ್ತದೆ. ಜಗಳಕ್ಕೆ ನಿಂತಾಗ ರೆಕ್ಕೆಗಳನ್ನೆಲ್ಲ ಬಿಚ್ಚಿ, ಎದುರಾಳಿಯ ಪಕ್ಕಕ್ಕೆ ಬಂದು, ಮೈ ಓರೆ ಮಾಡಿ ಬಾಲ ಬೀಸುತ್ತದೆ. ಮೀನಿನ ಪಕ್ಕೆಯಲ್ಲಿ ಬ್ಲೇಡ್ ಎಳೆದಂಥ ನೇರ ಗೀರು ಕಂಡರೆ ಟ್ಯಾಂಗ್ ಕೆಲಸವೇ ಇರಬೇಕು ಅಂದುಕೊಳ್ಳಿ. ತನ್ನ ಹಾಗೇ ಕಾಣುವ, ತನ್ನದೇ ಊಟ ತಿನ್ನುವ ಮೀನಿನ ಮೇಲೆ ಅದಕ್ಕೆ ಸಿಟ್ಟು ಹೆಚ್ಚು. ಎರಡು ಟ್ಯಾಂಗ್ ಬೇಕಾದರೆ ಆಕಾರ ಬೇರೆ ಬೇರೆ ಇರಲಿ, ಒಂದೇ ದಿನ ಇಳಿಯಲಿ. ಲಕ್ಷದ್ವೀಪ, ಮಾಲ್ಡೀವ್ಸ್ ಕಡೆಯ ಪೌಡರ್ ಬ್ಲೂ ಟ್ಯಾಂಗನ್ನು ಆರು ಅಡಿಗಿಂತ ಚಿಕ್ಕ ಟ್ಯಾಂಕಿಗೆ ನಾನು ಹಾಕುವುದಿಲ್ಲ. ಕೆಂಪು ಸಮುದ್ರದ ಸೊಹಾಲ್ ಟ್ಯಾಂಗ್ 40 ಸೆಂಟಿಮೀಟರ್ ಬೆಳೆಯುತ್ತದೆ. ಮನೆಯ ಟ್ಯಾಂಕಿಗೆ ಅದು ಬೇಡವೇ ಬೇಡ.

ಹೊಸ ಮೀನನ್ನು ನೇರ ಬಿಡಬೇಡಿ. ಕ್ವಾರಂಟೈನ್ ಮುಗಿದ ಮೇಲೆ, ತೂತುಗಳಿರುವ ಅಕ್ರಿಲಿಕ್ ಡಬ್ಬಿಯಲ್ಲಿಟ್ಟು ಟ್ಯಾಂಕಿನೊಳಗೇ ತೂಗುಹಾಕಿ. ಮೊದಲ ದಿನ ಹಳೆಯ ಮೀನು ಡಬ್ಬಿಗೆ ಬಂದು ಬಂದು ಗುದ್ದುತ್ತದೆ. ನಾಲ್ಕೈದು ದಿನಕ್ಕೆ ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡದ ಹಾಗೆ ಆಗಬೇಕು. ಆಗ ದೀಪ ಆರಿಸಿ, ಕಲ್ಲುಗಳ ಜಾಗ ಬದಲಿಸಿ, ಬಿಡಿ. ಕಲ್ಲು ಕದಲಿದರೆ ಹಳೆಯ ಗಡಿಗಳೂ ಅಳಿಸುತ್ತವೆ. ನಮ್ಮ ದೇಶದಲ್ಲಿ ಹವಳ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಮನೆಯಲ್ಲಿ ಇಡುವ ಹಾಗಿಲ್ಲ. ಅಂದಮೇಲೆ ಅವಿತುಕೊಳ್ಳಲು ಇರುವುದು ಕಲ್ಲೇ ಅಲ್ವಾ? ಒಂದೇ ಗುಡ್ಡ ಮಾಡದೆ, ಮಧ್ಯೆ ನೋಟ ತಪ್ಪುವ ಹಾಗೆ ಎರಡು ಮೂರು ಗುಂಪು ಮಾಡಿ. ಊಟವನ್ನೂ ಎರಡು ಮೂಲೆಯಲ್ಲಿ ಹಾಕಿ.

ಇನ್ನು ಟ್ರಿಗರ್ ಮೀನು. ಜೋರು ಅಂತ ಹೆಸರಾದರೂ ಟ್ರಿಗರ್‌ಗಳೆಲ್ಲ ಒಂದೇ ಅಲ್ಲ. ನಮ್ಮ ಕರಾವಳಿಯ ಬಲೆಗೆ ರಾಶಿ ರಾಶಿ ಬೀಳುವ, ಮೀನುಗಾರರು ಕಾರ್ಗಿಲ್ ಅನ್ನುವ ಮೀನೇ ಅಂಗಡಿಯ ನೈಜರ್ ಟ್ರಿಗರ್. ನೀರಿನ ನಡುವೆ ತೇಲುವ ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳನ್ನು ತಿಂದು ಬದುಕುವುದರಿಂದ ಅದು ಟ್ರಿಗರ್‌ಗಳಲ್ಲಿ ಸಾಧು. ದೊಡ್ಡ ಟ್ಯಾಂಕಿನಲ್ಲಿ ಗಟ್ಟಿ ಮೀನುಗಳ ಜೊತೆ ಇರಬಲ್ಲದು. ಕ್ಲೌನ್ ಟ್ರಿಗರ್ ಮರಿಯಾಗಿದ್ದಾಗ ಸುಮ್ನೆ ಇದ್ದು, ಬೆಳೆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಜೊತೆಯವರನ್ನು ಹರಿಯಲು ಶುರು ಮಾಡಬಹುದು.

ಹಾಗೇನಾದರೂ ಆದರೆ ಬಲೆ ಹಿಡಿದು ಅಟ್ಟಾಡಿಸಬೇಡಿ, ಉಳಿದ ಮೀನುಗಳೂ ಗಾಬರಿಯಾಗುತ್ತವೆ. ಟ್ರಿಗರ್ ರಾತ್ರಿ ಕಲ್ಲಿನ ಬಿಲ ಸೇರಿ, ಬೆನ್ನ ಮುಳ್ಳು ನೆಟ್ಟಗೆ ಮಾಡಿ ಬೀಗ ಹಾಕಿಕೊಂಡು ಮಲಗುತ್ತದೆ. ಅದು ಯಾವ ಕಲ್ಲು ಅಂತ ಮೊದಲೇ ನೋಡಿಟ್ಟುಕೊಳ್ಳಿ. ದೀಪ ಆರಿದ ಒಂದು ಗಂಟೆಯ ಮೇಲೆ ಮೀನಿನ ಸಮೇತ ಆ ಕಲ್ಲನ್ನೇ ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿಗೆ ಇಳಿಸಿ. ಬಕೆಟ್ಟಿನಲ್ಲಿ ಗಾಳಿ ಪಂಪ್ ಓಡುತ್ತಿರಲಿ. ಸ್ವಲ್ಪ ಹೊತ್ತಿಗೆ ಅದೇ ಮುಳ್ಳು ಮಡಚಿ ಹೊರಗೆ ಬರುತ್ತದೆ. ಎಳೆಯಲು ಹೋದರೆ ಮುಳ್ಳು ಮುರಿಯುತ್ತದೆ, ನಿಮ್ಮ ಬೆರಳಿಗೂ ಕಚ್ಚುತ್ತದೆ. ಕಲ್ಲನ್ನು ಟ್ಯಾಂಕಿಗೆ ವಾಪಸ್ ಇಡಿ. ಮೀನನ್ನು ಬೆಳಗ್ಗೆ, ಅದಕ್ಕೆ ಬೇರೆ ಟ್ಯಾಂಕು ಕೊಡಬಲ್ಲ ಅಂಗಡಿಗೆ ತಲುಪಿಸಿ.